ಕುರಿಮರಿಯ ತಲೆಗೆ ಎಷ್ಟು ಕುಣಿಕೆ?

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಎರಡು ಬಗೆಯ ಖ್ಯಾತಿಯುಂಟು. ರಾವಣನೊಡನೆ ಕಾದಾಡಿ ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದ ಸ್ಥಳ ಇದೇ ಎಂಬುದು ಜನರ ನಂಬಿಕೆ. ಬೆಟ್ಟದ ಹೆಸರೂ ಅದರಿಂದಲೇ ಬಂದಿತೆನ್ನುತ್ತಾರೆ. ಇನ್ನೊಂದು ಇತಿಹಾಸಕ್ಕೆ ಸೇರಿದ ಮಾತು. 1892ರಲ್ಲಿ ಬಿ. ಎಲ್. ರೈಸ್ ಅವರು ಈ ಬೆಟ್ಟದಲ್ಲಿಯೂ ಸಮೀಪದ ಬ್ರಹ್ಮಗಿರಿ, ಸಿದ್ಧಾಪುರಗಳಲ್ಲಿಯೂ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಮೂರರಲ್ಲಿ ಜಟಿಂಗ ರಾಮೇಶ್ವರದ್ದು ಬಹಳ ಸವೆದುಹೋಗಿದೆ. ಕಳೆದ ಚಳಿಗಾಲದಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ನಾನೂ ಅಲ್ಲಿಗೆ ಹೋಗಿದ್ದೆ. ಶಾಸನವನ್ನು ವಿವರಿಸಲು ಇತಿಹಾಸದ ಉಪನ್ಯಾಸಕರಿದ್ದರು. ಭೌತಶಾಸ್ತ್ರದವನಾದ ನನ್ನ ಪಾಲಿಗೆ ಬಂದ ಕೆಲಸವೆಂದರೆ ತಲೆಗಳನ್ನು ಎಣಿಸುವುದು.

ಎಣಿಸಿದೆ, ಒಂದು ತಲೆ ಕಡಮೆ ಬಂದಿತು. ಮತ್ತೆ ಎಣಿಸಿದೆ, ಆಗಲೂ ಅಷ್ಟೇ. ನಾಲ್ಕು ಹೆಜ್ಜೆ ಕೆಳಗಿಳಿದು ನೋಡಲು, ಬಂಡೆಯೊಂದರ ನೆರಳಿನಲ್ಲಿ ನಮ್ಮ ಪದವಿಪೂರ್ವ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕುಳಿತಿದ್ದಳು. ಕೈಯಲ್ಲಿ ಕ್ರೋಶಾ ಕಡ್ಡಿ, ಮಡಿಲಲ್ಲಿ ಬಿಳಿಯ ಉಲ್ಲನ್ ದಾರದ ಉಂಡೆ. ಅಕ್ಕನ ಕೂಸಿಗೆಂದು ಅಂಗೈಯಗಲದ ಒಂದು ಕುರಿಮರಿಯ ಬೊಂಬೆಯನ್ನು ಹೆಣೆಯುತ್ತಿದ್ದಳು. ಮುಂದಿನ ವಾರ ತೊಟ್ಟಿಲ ಶಾಸ್ತ್ರ. ಮೈ ಸಿದ್ಧವಾಗಿತ್ತು, ನಾಲ್ಕು ಕಾಲೂ ಸಿದ್ಧವಾಗಿದ್ದವು. ತಲೆಯನ್ನು ಮಾತ್ರ ಮೂರು ಸಲ ಹೆಣೆದು ಮೂರು ಸಲವೂ ಬಿಚ್ಚಿದ್ದಳಂತೆ.

"ಗುಂಡಗೆ ಬರೋದಿಲ್ಲ ಸಾರ್. ಬನ್ನಿನ ಹಾಗೆ ಚಪ್ಪಟೆಯಾಗುತ್ತೆ" ಎಂದಳು.

ಈ ಹುಡುಗಿಯ ವಿಷಯವಾಗಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ವಿಜ್ಞಾನವನ್ನು ಬಿಟ್ಟು ವಾಣಿಜ್ಯ ವಿಭಾಗಕ್ಕೆ ಸೇರಲು ಅನುಮತಿ ಬೇಡಿ ಅವಳು ಬರೆದ ಅರ್ಜಿ ಆಗ ನನ್ನ ಮೇಜಿನ ಮೇಲಿತ್ತು. ತ್ರಿಕೋಣಮಿತಿ ತಲೆಗೆ ಹತ್ತುವುದಿಲ್ಲ ಎಂಬುದು ಅದರಲ್ಲಿ ಕೊಟ್ಟಿದ್ದ ಕಾರಣ. ಅವಳ ಉತ್ತರಪತ್ರಿಕೆಗಳನ್ನು ನೋಡಿದ್ದ ನಾನು ಶಿಫಾರಸು ಬರೆಯುವ ಮನಸ್ಸು ಮಾಡಿದ್ದೆ.

ಕ್ರೋಶಾ ಎಂಬುದು ಕೊಕ್ಕೆ ಎಂಬ ಅರ್ಥದ ಫ್ರೆಂಚ್ ಮಾತು. ಸ್ವೆಟರ್ ಹೆಣೆಯುವಾಗ ಒಂದು ಸಾಲಿನ ಕುಣಿಕೆಗಳೆಲ್ಲವೂ ಕಡ್ಡಿಯ ಮೇಲೆ ಕಾದು ನಿಂತಿರುತ್ತವೆ. ಕ್ರೋಶಾದಲ್ಲಾದರೋ ಸಾಮಾನ್ಯವಾಗಿ ಕೊಕ್ಕೆಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಹಿಂದಿನ ಸುತ್ತಿನ ಕುಣಿಕೆಯೊಳಕ್ಕೆ ಕೊಕ್ಕೆಯನ್ನು ತೂರಿಸಿ, ದಾರವನ್ನು ಸೆಳೆದು, ಹೊಸ ಕುಣಿಕೆಯನ್ನು ಮುಗಿಸಿಯೇ ಮುಂದಕ್ಕೆ ಹೋಗಬೇಕು. ಆದುದರಿಂದ ಎಲ್ಲಿ ಬೇಕಾದರೂ ಒಂದೇ ಕಣ್ಣಿನಲ್ಲಿ ಎರಡು ಕುಣಿಕೆ ಹಾಕಿ ಹೆಚ್ಚಿಸಬಹುದು. ಎರಡನ್ನು ಒಂದಾಗಿ ಸೇರಿಸಿ ತಗ್ಗಿಸಲೂಬಹುದು. ಹೆಣಿಗೆಯ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿಯೇ ರಚಿಸಿದ. ಕ್ರೋಶಾ ಬೊಂಬೆ ಮಾತ್ರ ಇಂದಿಗೂ ಕೈಯ ಕೆಲಸವಾಗಿಯೇ ಉಳಿದಿದೆ. ಜಪಾನೀಯರು ಇಂಥ ಬೊಂಬೆಗಳನ್ನು ಅಮಿಗುರುಮಿ ಎಂದು ಕರೆಯುತ್ತಾರೆ. ಆ ಹೆಸರೇ ಈಗ ಲೋಕವನ್ನೆಲ್ಲ ಸುತ್ತಿದೆ.

"ಹೇಗೆ ಹೆಣೆಯುತ್ತೀಯಮ್ಮ?" ಎಂದು ಕೇಳಿದೆ. ಮೊದಲ ಸುತ್ತಿಗೆ 6 ಕುಣಿಕೆ, ಆಮೇಲೆ ಸುತ್ತು ಸುತ್ತಿಗೂ ಆರಾರು ಹೆಚ್ಚಿಸುತ್ತ 12, 18, 24, 30, 36. ಬಳಿಕ ಆರು ಸುತ್ತು ಹೆಚ್ಚಿಸದೆ ಹೆಣೆದು, ಕೊನೆಗೆ ಆರಾರರಂತೆಯೇ ತಗ್ಗಿಸುವುದು. ಮೊಬೈಲಿನಲ್ಲಿ ನೋಡಿ ಕಲಿತ ಕ್ರಮವಂತೆ. ಆರೇ ಏಕೆ, ಐದೋ ಏಳೋ ಏಕಲ್ಲ? "ಐದಾದರೆ ಬಟ್ಟಲ ಹಾಗೆ ಮಡಚಿಕೊಳ್ಳುತ್ತೆ. ಏಳೆಂಟು ಹಾಕಿದರೆ ಅಂಚು ಸುಕ್ಕುಸುಕ್ಕಾಗುತ್ತೆ" ಎಂದಳು. ಕಾರಣ ಅವಳಿಗೆ ತಿಳಿಯದು. ನಾನಾದರೂ ಅಂದಿನವರೆಗೆ ಅದನ್ನು ಯೋಚಿಸಿದವನಲ್ಲ.

ಕಾರಣ ನಮ್ಮ ಪ್ರೌಢಶಾಲೆಯ ಪುಸ್ತಕದಲ್ಲಿಯೇ ಇದೆ. ವೃತ್ತದ ಪರಿಧಿ ತ್ರಿಜ್ಯದ 6.28ರಷ್ಟು. ಒಂದು ಸುತ್ತು ಹೆಣೆದಾಗ ತ್ರಿಜ್ಯವು ಒಂದು ಕುಣಿಕೆಯ ಎತ್ತರದಷ್ಟು ಬೆಳೆಯುತ್ತದೆ. ಪರಿಧಿಯು ಅದರ 6.28ರಷ್ಟು ಬೆಳೆಯಬೇಕು. ಸಿಂಗಲ್ ಕ್ರೋಶಾ ಎಂಬ ಸಾದಾ ಕುಣಿಕೆಯ ಎತ್ತರವೂ ಅಗಲವೂ ಹೆಚ್ಚುಕಡಮೆ ಸಮ. ಆದಕಾರಣ ಸುತ್ತಿಗೆ ಆರು ಕುಣಿಕೆ ಹೆಚ್ಚಿದರೆ ತಟ್ಟೆ ಮಟ್ಟಸವಾಗಿರುತ್ತದೆ. ಕುಣಿಕೆ ಎರಡರಷ್ಟು ಎತ್ತರವಾದರೆ ಹನ್ನೆರಡು ಬೇಕು. ಡಬಲ್ ಕ್ರೋಶಾ ಹೆಣೆಯುವವರು ಹನ್ನೆರಡರಿಂದ ಆರಂಭಿಸುವುದು ಇದಕ್ಕಾಗಿಯೇ.

ಈಗ ಬನ್ನಿನ ಗುಟ್ಟೂ ಹೊರಬಿದ್ದಿತು. ಅವಳು ಹೆಣೆಯುತ್ತಿದ್ದುದು ಗೋಳವನ್ನಲ್ಲ. ಮೇಲೊಂದು ಮಟ್ಟಸವಾದ ತಟ್ಟೆ, ನಡುವೆ ನೆಟ್ಟಗಿನ ಗೋಡೆ, ಕೆಳಗೆ ಇನ್ನೊಂದು ತಟ್ಟೆ: ಒಂದು ಡಬ್ಬಿ! ಒಳಗೆ ಬಿಗಿಯಾಗಿ ತುಂಬಿದರೆ ಡಬ್ಬಿಯೂ ಉಬ್ಬಿ ಸ್ವಲ್ಪ ದುಂಡಗಾಗುವುದು ನಿಜ. ಅದರಿಂದಲೇ ಈ ಕ್ರಮ ಅನೇಕರಿಗೆ ಒಗ್ಗಿದೆ. ಆದರೆ ಈ ಹುಡುಗಿಯ ಕಣ್ಣು ಅದಕ್ಕೆ ಒಪ್ಪಲಿಲ್ಲ.

ಮಟ್ಟಸವಾದುದನ್ನು ಎಳೆದು ಜಗ್ಗಿ ಗೋಳವಾಗಿಸಬಾರದೇಕೆ? ಬಾಳೆಯೆಲೆಯಿಂದ ಕಿತ್ತಳೆಯೊಂದನ್ನು ಸುತ್ತಿ ನೋಡಿರಿ. ಎಲೆ ಸುಕ್ಕಾಗುತ್ತದೆ, ಇಲ್ಲವೆ ಸೀಳುತ್ತದೆ. ಹಿಗ್ಗದ, ಕುಗ್ಗದ ಹಾಳೆಯನ್ನು ಹೇಗೆ ಬಾಗಿಸಿದರೂ ಗೋಳದ ವಕ್ರತೆ ಅದಕ್ಕೆ ಬಾರದೆಂದು 1827ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಸಿದ್ಧಪಡಿಸಿ ತೋರಿಸಿದ. ಭೂಪಟಗಳಲ್ಲಿ ಗ್ರೀನ್‌ಲೆಂಡ್ ವಿಪರೀತ ದೊಡ್ಡದಾಗಿ ಕಾಣುವುದರ ಹಿಂದೆಯೂ ಇದೇ ತೊಡಕಿದೆ. ಬಟ್ಟೆಯ ಬೊಂಬೆ ಮಾಡುವ ದರ್ಜಿ ಅಲ್ಲಲ್ಲಿ ಕತ್ತರಿಸಿ ಹೊಲಿದು ಈ ತೊಡಕನ್ನು ದಾಟುತ್ತಾನೆ. ಕ್ರೋಶಾದಲ್ಲಿ ಬಟ್ಟೆಯೂ ವಕ್ರತೆಯೂ ಒಟ್ಟಿಗೇ ಹುಟ್ಟುತ್ತವೆ. ಎಣಿಕೆ ಬದಲಾದರೆ ಸಾಕು, ಆಕಾರ ಬದಲಾಗುತ್ತದೆ.

ಹಾಗಾದರೆ ಗೋಳದ ಎಣಿಕೆ ಯಾವುದು? ಕುರಿಯ ತಲೆಯನ್ನು ಒಂದು ಭೂಗೋಲವೆಂದು ಭಾವಿಸೋಣ. ಹೆಣಿಗೆ ಆರಂಭವಾಗುವ ತುದಿ ಉತ್ತರಧ್ರುವ. ಸಮಭಾಜಕವೃತ್ತದಲ್ಲಿ 36 ಕುಣಿಕೆಗಳಿರಲಿ. ಸುತ್ತಲೂ 360 ಡಿಗ್ರಿಯಾದುದರಿಂದ ಒಂದೊಂದು ಕುಣಿಕೆಯ ಅಗಲ 10 ಡಿಗ್ರಿ. ಎತ್ತರವೂ ಅಷ್ಟೇ ಆದುದರಿಂದ, ಒಂದೊಂದು ಸುತ್ತು ಹೆಣೆದಂತೆ ಧ್ರುವದಿಂದ ಹತ್ತು ಹತ್ತು ಡಿಗ್ರಿ ಕೆಳಕ್ಕೆ ಬರುತ್ತೇವೆ. ಒಂಬತ್ತನೆಯ ಸುತ್ತು 90 ಡಿಗ್ರಿ, ಅದೇ ಸಮಭಾಜಕ. ನಡುವಣ ಸುತ್ತುಗಳು ಅಕ್ಷಾಂಶವೃತ್ತಗಳು. ಧ್ರುವದಿಂದ ಎಷ್ಟು ಡಿಗ್ರಿ ದೂರವೋ ಆ ಕೋನದ ಸೈನ್ ಬೆಲೆಯಿಂದ 36ನ್ನು ಗುಣಿಸಿದರೆ ಆ ಸುತ್ತಿನ ಕುಣಿಕೆಗಳ ಸಂಖ್ಯೆ ಸಿಕ್ಕುತ್ತದೆ.

ಮೂರನೆಯ ಸುತ್ತು 30 ಡಿಗ್ರಿ. ಸೈನ್ 30 ಎಷ್ಟು ಎಂದು ಕೇಳಿದೆ. "ಅರ್ಧ" ಎಂದಳು, ಬಾಯಿಪಾಠದ ದನಿಯಲ್ಲಿ. ಹಾಗೆಂದ ಮೇಲೆ ಕ್ಷಣಕಾಲ ಸುಮ್ಮನಿದ್ದು, "36ರಲ್ಲಿ ಅರ್ಧ 18. ಮೂರನೇ ಸುತ್ತಿಗೆ ನಾನು ಹಾಕೋದೂ 18!" ಎಂದು ತಾನೇ ಸೇರಿಸಿದಳು. ಮುಂದಿನ ಬೆಲೆಗಳನ್ನು ಅವಳ ಮೊಬೈಲಿನಲ್ಲಿಯೇ ಲೆಕ್ಕ ಹಾಕಿ, ಸಮೀಪದ ಪೂರ್ಣಾಂಕ ಹಿಡಿದೆವು: 6, 12, 18, 23, 28, 31, 34, 35, 36. ಅಲ್ಲಿಂದ ಮುಂದೆ ಇದೇ ಸಂಖ್ಯೆಗಳು ಹಿಮ್ಮುಖವಾಗಿ ಆರಕ್ಕೆ ಇಳಿಯಬೇಕು. ಒಟ್ಟು ಹದಿನೇಳು ಸುತ್ತು. ಹೆಚ್ಚಿಸುವ ಕುಣಿಕೆಗಳನ್ನಷ್ಟೇ ನೋಡಿರಿ: 6, 6, 5, 5, 3, 3, 1, 1. ತಟ್ಟೆಯಂತೆ ಹೊರಟು, ಬರಬರುತ್ತ ಹೆಚ್ಚಳವನ್ನು ಕುಗ್ಗಿಸಿಕೊಂಡು ಸಮಭಾಜಕದಲ್ಲಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಹತ್ತು ವರ್ಷಗಳಿಂದ ಸೈನ್ ರೇಖೆಯನ್ನು ಕರಿಹಲಗೆಯ ಮೇಲೆ ಎಳೆಯುತ್ತ ಬಂದಿದ್ದೇನೆ. ಅದನ್ನು ಬೆರಳಿನಿಂದ ಮುಟ್ಟಿದ್ದು ಆ ದಿನವೇ.

"ನಾವು ಕೂತಿರೋ ಈ ಬೆಟ್ಟ ತಲೆಯ ಮೇಲೆ ಎಲ್ಲಿ ಬರುತ್ತೆ ಸಾರ್?" ಎಂದು ಕೇಳಿದಳು. ಬೆಟ್ಟ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಎಂದರೆ ಧ್ರುವದಿಂದ 75 ಡಿಗ್ರಿ. ಏಳನೆಯ ಮತ್ತು ಎಂಟನೆಯ ಸುತ್ತುಗಳ ನಡುವಿನ ಸಂದಿ. ಅವಳು ಅಲ್ಲಿಗೆ ಬಂದಾಗ ಒಂದು ತುಣುಕು ಕೆಂಪು ದಾರವನ್ನು ಗುರುತಿಗೆ ಕಟ್ಟಿದಳು.

ಅಷ್ಟರಲ್ಲಿ ಉಳಿದವರೂ ಬಂದು ಮುತ್ತಿಕೊಂಡರು. ಕುರಿ ಬೇಡ, ಈ ಬೆಟ್ಟದ ಜಟಾಯುವನ್ನೇ ಹೆಣೆ ಎಂದನೊಬ್ಬ. ರೆಕ್ಕೆಯೊಂದನ್ನು ಆಗಲೇ ಹೆಣೆದು ನೋಡಿ ಕೈಬಿಟ್ಟಿದ್ದಳಂತೆ. ಅಗಲವಾಗಲಿ ಎಂದು ಕುಣಿಕೆಗಳನ್ನು ಯಥೇಚ್ಛವಾಗಿ ಹೆಚ್ಚಿಸಿದ್ದರಿಂದ ಅಂಚೆಲ್ಲ ಕೋಳಿಜುಟ್ಟಿನ ಹೂವಿನ ಹಾಗೆ ನಿರಿಗೆಗಟ್ಟಿತಂತೆ. ಅದನ್ನು ಬಿಸಾಡಬಾರದಿತ್ತು! ಪರಿಧಿ 6.28ಕ್ಕಿಂತ ವೇಗವಾಗಿ ಬೆಳೆಯುವ ಇಂಥ ಮೇಲ್ಮೈಯನ್ನು ಗಣಿತಜ್ಞರು ಋಣವಕ್ರತೆಯುಳ್ಳದ್ದೆನ್ನುತ್ತಾರೆ. ಒಂದು ಸರಳರೇಖೆಗೆ ಹೊರಗಿನ ಬಿಂದುವೊಂದರ ಮೂಲಕ ಅನೇಕ ಸಮಾಂತರಗಳನ್ನು ಎಳೆಯಬಹುದಾದ ವಿಚಿತ್ರ ರೇಖಾಗಣಿತ ಅದರ ಮೇಲೆ ನಡೆಯುತ್ತದೆ. ಅದಕ್ಕೆ ಕಾಗದದ ಮಾದರಿಗಳಿದ್ದವು, ಹಿಡಿದರೆ ಹರಿಯುವಂಥವು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಲಾಟ್ವಿಯಾ ಮೂಲದ ಗಣಿತಜ್ಞೆ ದೈನಾ ತೈಮಿನಾ ಅದನ್ನು ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗಿತ್ತರು. ಉಪಾಯ ಇಷ್ಟೇ: ಇಂತಿಷ್ಟು ಕುಣಿಕೆಗೊಂದರಂತೆ ತಪ್ಪದೆ ಹೆಚ್ಚಿಸುತ್ತ ಹೋಗುವುದು. 2004ರಲ್ಲಿ ಹಿಂಕೆ ಒಸಿಂಗಾ ಮತ್ತು ಬರ್ಂಡ್ ಕ್ರೌಸ್‌ಕೋಫ್ ಎಂಬ ಇನ್ನಿಬ್ಬರು ಗಣಿತಜ್ಞರು ಲೊರೆಂಜ್ ಸಮೀಕರಣಗಳಿಂದ ಹುಟ್ಟುವ ಮೇಲ್ಮೈಯೊಂದರ ಕ್ರೋಶಾ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ 25,511 ಕುಣಿಕೆಗಳು ಬೇಕಾದವು.

ನಮ್ಮ ಕುರಿಮರಿಗೆ ಮರಳೋಣ. ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಸುತ್ತಮುತ್ತ ಕುರಿಯ ಹಿಂಡುಗಳಿಗೆ ಬರವಿಲ್ಲ. ಹಾಗಿದ್ದೂ ಕುರಿಯ ಬೊಂಬೆಗೆ ಪೇಟೆಯ ದಾರವೇ? ಇದಕ್ಕೂ ಭೌತಶಾಸ್ತ್ರದ ಉತ್ತರವುಂಟು. ಈ ಸೀಮೆಯ ಉಣ್ಣೆಯ ಎಳೆ ದಪ್ಪ. ಎಳೆಯ ವ್ಯಾಸ ಎರಡರಷ್ಟಾದರೆ ಅದು ಬಾಗುವುದಕ್ಕೆ ಒಡ್ಡುವ ವಿರೋಧ ಹದಿನಾರರಷ್ಟಾಗುತ್ತದೆ. ತೆಳುವಾದ ಎಳೆ ಚರ್ಮಕ್ಕೆ ತಾಗಿದೊಡನೆ ಬಾಗಿಬಿಡುತ್ತದೆ. ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿಗಿಂತ ದಪ್ಪವಾದುದು ಬಾಗದೆ ಚುಚ್ಚುತ್ತದೆ. ಹಸುಗೂಸಿನ ಕೆನ್ನೆಗೆ ಅದು ಸಲ್ಲದು. ಆದರೆ ಒಳಗೆ ತುಂಬುವುದಕ್ಕೆ ಬೇಕಾದುದು ಇದೇ ಗುಣ: ಅದುಮಿ ಬಿಟ್ಟರೆ ಮತ್ತೆ ಉಬ್ಬಬೇಕು. ಅವಳ ಅಜ್ಜಿಗೆ ಇದು ಮೊದಲೇ ಗೊತ್ತಿತ್ತು. ತೊಳೆದು ಒಣಗಿಸಿದ ಊರಿನ ಉಣ್ಣೆಯನ್ನು ಹಳೆಯ ಪಂಚೆಯ ಚೂರಿನಲ್ಲಿ ಕಟ್ಟಿ, ಅದನ್ನು ತಲೆಯೊಳಕ್ಕೆ ತುಂಬುವಂತೆ ಹೇಳಿಕೊಟ್ಟಿದ್ದರಂತೆ. ಪಂಚೆಯ ಚೂರು ಒಳಗೆ ಸುಕ್ಕಾದೀತು, ಆಗಲಿ, ಕಾಣುವವರಾರು? ಕಣ್ಣಿಗೆ ಮಣಿ ಬೇಡ, ಕಿತ್ತು ಬಂದರೆ ಕೂಸು ನುಂಗೀತೆಂದು ಕರಿಯ ದಾರದಲ್ಲಿಯೇ ಕಣ್ಣು ಹೊಲಿದಳು.

ಸೋಮವಾರ ಅವಳು ಕುರಿಮರಿಯನ್ನು ತೆಗೆದುಕೊಂಡು ನನ್ನ ಕೊಠಡಿಗೆ ಬಂದಳು. ತಲೆ ದುಂಡಗಿತ್ತು, ಕಿವಿಯ ಹತ್ತಿರ ಕೆಂಪು ದಾರ ಹಾಗೆಯೇ ಇತ್ತು. ಆದರೆ ಮುಖದಲ್ಲಿ ಸಮಾಧಾನವಿರಲಿಲ್ಲ.

"ಗೋಳದ ಮೇಲ್ಮೈಯ ಸೂತ್ರ ಹಾಕಿ ನೋಡಿದೆ ಸಾರ್. ಒಂದು ಕುಣಿಕೆ ಒಂದು ಚೌಕ ಅಂತ ಇಟ್ಟುಕೊಂಡರೆ 412 ಬರುತ್ತೆ, ಮೇಲೆ ಅರ್ಧ. ನಾನು ಹಾಕಿರೋದು 410. ಎರಡೂವರೆ ಕುಣಿಕೆ ಎಲ್ಲಿ ಹೋಯ್ತು?"

ಸೂತ್ರವನ್ನು ಹಾಕಿ ನೋಡೆಂದು ನಾನು ಹೇಳಿರಲಿಲ್ಲ. ಕೈಗೆ ಸಿಕ್ಕಿದ ಕಾಗದವನ್ನು ಎಳೆದುಕೊಂಡು ಹಿಂಬದಿಯಲ್ಲಿ ಲೆಕ್ಕ ಬರೆಯತೊಡಗಿದೆ. ಅರ್ಧ ಬರೆದಾದ ಮೇಲೆ ಅದು ಅವಳ ಅರ್ಜಿಯೆಂಬುದು ಇಬ್ಬರಿಗೂ ಕಂಡಿತು. ಇಬ್ಬರೂ ಏನೂ ಹೇಳಲಿಲ್ಲ. ಪೂರ್ಣಾಂಕ ಮಾಡುವಾಗ ನಾವು ಕೈಬಿಟ್ಟ ಭಿನ್ನರಾಶಿಗಳನ್ನು ಹದಿನೇಳು ಸುತ್ತಿಗೂ ಕೂಡಿಸಿದರೆ ಒಂದೂವರೆ ಕುಣಿಕೆಯಾಗುತ್ತದೆ. ಉಳಿದ ಒಂದು? ಅವಳು ಕುರಿಮರಿಯನ್ನು ತಿರುಗಿಸಿ, ಹೆಣಿಗೆ ಶುರುವಾದ ತುದಿಯನ್ನೂ ದಾರ ಬಿಗಿದು ಮುಚ್ಚಿದ ತುದಿಯನ್ನೂ ಉಗುರಿನಿಂದ ತೋರಿಸಿದಳು. ಎರಡು ಧ್ರುವಗಳಲ್ಲಿಯೂ ಒಂದೊಂದು ಪುಟ್ಟ ತೂತಿತ್ತು.