75 ಭಾಗಿಸು 3

ಸಿಂಗಸಂದ್ರ ಸ್ಟೇಷನ್ನಿನ ಕೊನೆಯ ಎಸ್ಕಲೇಟರ್‌ನಲ್ಲಿ ಇದ್ದಾಗಲೇ ಮೇಲಿನಿಂದ ಬಾಗಿಲು ಮುಚ್ಚುವ ಸದ್ದು ಕೇಳಿಸಿತು. ಬ್ಯಾಗು ಹಿಡಿದುಕೊಂಡು ಓಡಿದೆ. ಪ್ಲಾಟ್‌ಫಾರ್ಮ್ ತಲುಪಿದಾಗ ಕಂಡಿದ್ದು ರೈಲಿನ ಬೆನ್ನು. ಮುಂದಿನ ರೈಲು ಎಷ್ಟು ಹೊತ್ತಿಗೆ ಎಂದು ಬೋರ್ಡ್ ನೋಡಿದರೆ, 24 ನಿಮಿಷ. ಕಾಲೇಜಿನ ಮೊದಲ ಪೀರಿಯಡ್ ಹೋದ ಹಾಗೇ ಅಂತ ಅಲ್ಲೇ ಕುಸಿದು ಕೂತೆ.

ಇದು ನಡೆದದ್ದು 2025ರ ಆಗಸ್ಟ್‌ನಲ್ಲಿ, ನಮ್ಮ ಮೆಟ್ರೊದ ಹಳದಿ ಮಾರ್ಗ ಶುರುವಾದ ಮೊದಲ ವಾರ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿಲೋಮೀಟರ್, 16 ಸ್ಟೇಷನ್. ಆಗಸ್ಟ್ 10ಕ್ಕೆ ಪ್ರಧಾನಿ ಉದ್ಘಾಟಿಸಿದರು, 11ರಿಂದ ನಾವೆಲ್ಲ ಹತ್ತಿದೆವು. ಇಡೀ ಮಾರ್ಗಕ್ಕೆ ಆಗ ಇದ್ದದ್ದು ಮೂರೇ ರೈಲು. 25 ನಿಮಿಷಕ್ಕೊಂದು.

ನಾನು ಮದ್ದೂರು ಕಡೆಯ ಹಳ್ಳಿಯವಳು. ಐದನೇ ಸೆಮಿಸ್ಟರ್, ಮೆಕ್ಯಾನಿಕಲ್. ಸೀಟು ಸಿಕ್ಕಿದಾಗ ಹಾಸ್ಟೆಲ್ ದುಡ್ಡು ಉಳಿಯುತ್ತೆ ಅಂತ ಅಪ್ಪ ನನ್ನನ್ನು ಸಿಂಗಸಂದ್ರದ ಸೋದರತ್ತೆಯ ಮನೆಯಲ್ಲಿ ಬಿಟ್ಟರು. ಕಾಲೇಜು ಇರೋದು ಊರಿನ ಆ ತುದಿಗೆ, ಜಯನಗರದ ಆಚೆ. 'ಮೆಟ್ರೊ ಈ ವರ್ಷ ಬಂದ್ಬಿಡುತ್ತೆ ಬಿಡಣ್ಣ' ಅಂತ ಅತ್ತೆ ಭರವಸೆ ಕೊಟ್ಟಿದ್ದು 2023ರಲ್ಲಿ. ಅತ್ತೆಯ ತಪ್ಪಿಲ್ಲ, ಪೇಪರಿನಲ್ಲೂ ಹಾಗೇ ಬರುತ್ತಿತ್ತು.

ಎರಡು ವರ್ಷ ಬಸ್ಸಿನಲ್ಲೇ ಓಡಾಡಿದೆ. ಶಕ್ತಿ ಯೋಜನೆಯಿಂದಾಗಿ ಟಿಕೆಟ್ ಉಚಿತ, ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನು ಉಚಿತವಾಗಿ ಯಾರನ್ನೂ ಬಿಡುವುದಿಲ್ಲ. ಮೊದಲ ವರ್ಷ ಒಂದು ಇಂಟರ್ನಲ್ಸ್‌ಗೆ 25 ನಿಮಿಷ ತಡವಾಗಿ ಹೋಗಿ, ಒಳಗೆ ಬಿಡದೆ ಬಾಗಿಲಲ್ಲಿ ನಿಂತು ಅತ್ತಿದ್ದೇನೆ. ಬಸ್ಸಿನ ಕಿಟಕಿಯಿಂದ ತಲೆ ಎತ್ತಿದರೆ ಮೇಲೆ ಮೆಟ್ರೊ ಸೇತುವೆ. ಕಂಬ ಎದ್ದಿದೆ, ಹಳಿ ಹಾಸಿದೆ, ಸ್ಟೇಷನ್‌ಗೆ ಬಣ್ಣವೂ ಆಗಿದೆ. ರೈಲು ಮಾತ್ರ ಇಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಅದೇ ರಸ್ತೆಯಲ್ಲಿ ಹೋಗುವ ಅತ್ತೆ, 'ಚಪ್ಪರ ಹಾಕಿ, ಅಡುಗೆ ಮಾಡಿ, ವಾಲಗದೋರೂ ಬಂದು ಕೂತವ್ರೆ, ಗಂಡೇ ಬಂದಿಲ್ಲ ಕಣಮ್ಮಿ' ಅನ್ನುತ್ತಿದ್ದರು.

ಗಂಡು ಯಾಕೆ ಬರಲಿಲ್ಲ ಅಂತ ಹುಡುಕುತ್ತಾ ಹೋದಾಗಲೇ ನನಗೆ ಈ ರೈಲು ಬೋಗಿಗಳ ಹುಚ್ಚು ಹಿಡಿದಿದ್ದು.

216 ಬೋಗಿಗಳ ಗುತ್ತಿಗೆ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋದದ್ದು 2019ರ ಕೊನೆಯಲ್ಲಿ. ಆರು ಬೋಗಿಗೆ ಒಂದು ರೈಲು, ಅಂದರೆ 36 ರೈಲು. ಅದರಲ್ಲಿ ಹಳದಿ ಮಾರ್ಗಕ್ಕೆ 15, ಉಳಿದ 21 ನೇರಳೆ, ಹಸಿರು ಮಾರ್ಗಗಳಿಗೆ. ಹೆಚ್ಚಿನವನ್ನು ಭಾರತದಲ್ಲೇ ತಯಾರಿಸಬೇಕು ಎಂಬುದು ಷರತ್ತು. ಇಲ್ಲಿ ಕಾರ್ಖಾನೆ ಕಟ್ಟುವ ಯೋಜನೆ ಕೈಗೂಡಲಿಲ್ಲ. ಅಷ್ಟರಲ್ಲಿ ಕೊರೊನಾ ಬಂತು, ಗಡಿಯಲ್ಲಿ ಗಾಲ್ವಾನ್ ಘರ್ಷಣೆ ಆಯಿತು, ಚೀನಾದ ಎಂಜಿನಿಯರುಗಳಿಗೆ ವೀಸಾ ಸಿಗುವುದೇ ಕಷ್ಟವಾಯಿತು. ಕೊನೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿರುವ ಟಿಟಾಗಢ ಕಂಪನಿಯ ಜತೆ ಸೇರಿ, ಎರಡು ರೈಲು ಚೀನಾದಲ್ಲಿ, 34 ರೈಲು ಬಂಗಾಳದಲ್ಲಿ ಅಂತ ತೀರ್ಮಾನವಾಯಿತು. ಲಡಾಖಿನ ಒಂದು ನದಿ ಕಣಿವೆಗೂ ನನ್ನ ಇಂಟರ್ನಲ್ಸ್‌ ಅಂಕಕ್ಕೂ ಸಂಬಂಧ ಇರಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ!

ಮೊದಲ ರೈಲು ಚೆನ್ನೈ ಬಂದರಿನಲ್ಲಿ ಇಳಿದು, 2024ರ ಫೆಬ್ರುವರಿಯಲ್ಲಿ ಹೆಬ್ಬಗೋಡಿ ಡಿಪೊ ಸೇರಿತು. ಬಂದದ್ದು ಹೇಗೆ ಗೊತ್ತಾ? ಲಾರಿಯಲ್ಲಿ. ಬೊಮ್ಮಸಂದ್ರದ ಮಷೀನ್ ಶಾಪ್‌ನಲ್ಲಿ ನೈಟ್ ಶಿಫ್ಟ್ ಮಾಡುವ ಮಾವ ಆಮೇಲೊಮ್ಮೆ ಇಂಥದ್ದೇ ಒಂದನ್ನು ನೋಡಿ ಬಂದು, 'ರೈಲಿನ ಡಬ್ಬಿಗೆ ಟಾರ್ಪಾಲ್ ಹೊದಿಸಿ ಟ್ರೇಲರ್ ಮೇಲೆ ಮಲಗಿಸ್ಕೊಂಡು ಬಂದ್ರು, ರೈಲಿಗೇ ಹಳಿ ಮೇಲೆ ಬರೋಕೆ ಆಗ್ಲಿಲ್ವಾ' ಅಂತ ನಕ್ಕರು. ನಾನೂ ನಕ್ಕೆ, ಆಮೇಲೆ ಯೋಚನೆ ಬಂತು. ಬರೋಕೆ ನಿಜವಾಗಿಯೂ ಆಗುವುದಿಲ್ಲ. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಹಳಿಗಳ ನಡುವೆ 1,676 ಮಿಲಿಮೀಟರ್ ಅಂತರ. ನಮ್ಮ ಮೆಟ್ರೊದ್ದು ಸ್ಟ್ಯಾಂಡರ್ಡ್ ಗೇಜ್, 1,435 ಮಿಲಿಮೀಟರ್. ಚಕ್ರ ಕೂರುವುದೇ ಇಲ್ಲ. ಹಾಗಾಗಿ ಒಂದೊಂದು ಬೋಗಿಯೂ ಒಂದೊಂದು ಟ್ರೇಲರ್ ಏರಿ, ಕೋಲ್ಕತ್ತದ ಪಕ್ಕದಿಂದ ಇಲ್ಲಿವರೆಗೂ ಹೆದ್ದಾರಿಯಲ್ಲಿ ಬರಬೇಕು.

ಬೋಗಿ ಅಂದೆನಲ್ಲ, ಕ್ಲಾಸಿನಲ್ಲಿ ಹಾಗಂದರೆ ನಮ್ಮ ಮೇಷ್ಟ್ರು ಒಪ್ಪುವುದಿಲ್ಲ. ಎಂಜಿನಿಯರಿಂಗ್ ಭಾಷೆಯಲ್ಲಿ ಬೋಗಿ ಅಂದರೆ ಕೆಳಗಿರುವ ಚಕ್ರ, ಆಕ್ಸಲ್, ಸ್ಪ್ರಿಂಗ್ ಕೂಡಿಸಿದ ಚೌಕಟ್ಟು ಮಾತ್ರ. ನಾವು ಕೂರುವುದು ಕೋಚ್. ಆದರೆ ಮೇಷ್ಟ್ರೇ ಊರಿಗೆ ಹೋಗುವಾಗ 'ಎಸ್-4 ಬೋಗಿ' ಅಂತಲೇ ಫೋನಿನಲ್ಲಿ ಹೇಳೋದನ್ನು ಕೇಳಿದ್ದೇನೆ. ಇರಲಿ, ನಾನೂ ಹಾಗೇ ಬರೆಯುತ್ತೇನೆ.

ಮೊದಲ ರೈಲು ಬಂದ ಮೇಲೂ ಒಂದೂವರೆ ವರ್ಷ ಕಾದಿದ್ದೇವೆ. ಇದು ಹೊಸ ಬಗೆಯ ರೈಲು, ಚಾಲಕನಿಲ್ಲದೆಯೂ ಓಡುವಂತೆ ರೂಪಿಸಿದ್ದು (ಸದ್ಯಕ್ಕೆ ಒಳಗೆ ಚಾಲಕರು ಇದ್ದಾರೆ, ಹೆದರಬೇಡಿ). ನಿಂತಲ್ಲಿ ಪರೀಕ್ಷೆ, ಓಡಿಸಿ ಪರೀಕ್ಷೆ, ಬೇರೆ ಬೇರೆ ವೇಗದಲ್ಲಿ ಎಷ್ಟು ಓಲಾಡುತ್ತೆ ಅಂತ ಪರೀಕ್ಷೆ, ರೈಲಿಗೂ ಸಿಗ್ನಲ್‌ಗೂ ಮಾತುಕತೆ ಸರಿ ಇದೆಯೇ ಅಂತ ಇನ್ನಷ್ಟು ಪರೀಕ್ಷೆ, ಕೊನೆಗೆ ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ತಪಾಸಣೆ. ನೇರಳೆ ಮಾರ್ಗದ ನಾಲ್ಕು ರೈಲು ಈ ಕಡೆ ಕೊಡಬಾರದಾ ಅಂತ ನಾನೂ ಬೈದುಕೊಂಡಿದ್ದೆ. ಅವುಗಳ ಸಿಗ್ನಲ್ ವ್ಯವಸ್ಥೆಯೇ ಬೇರೆ, ಹಳದಿಯಲ್ಲಿರುವುದು ಸಿಬಿಟಿಸಿ. ಅಲ್ಲಿ ರೈಲು ತಾನು ಎಲ್ಲಿದ್ದೇನೆ ಅಂತ ರೇಡಿಯೊ ಮೂಲಕ ಸದಾ ಹೇಳುತ್ತಿರುತ್ತದೆ. ಎರಡೂ ಒಂದೇ ನಿಗಮದ ರೈಲುಗಳು, ಆದರೆ ಒಂದರ ಭಾಷೆ ಇನ್ನೊಂದಕ್ಕೆ ಬಾರದು.

ಮತ್ತೆ ಆ 24 ನಿಮಿಷಕ್ಕೆ ಬರುತ್ತೇನೆ. ಮಾಡಲು ಬೇರೆ ಕೆಲಸವಿಲ್ಲದೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ತುದಿಯಿಂದ ತುದಿಗೆ ಸುಮಾರು 35 ನಿಮಿಷ. ಹೋಗಿ ಬಂದು, ಎರಡೂ ಕಡೆ ತಿರುಗಿಸಿಕೊಳ್ಳುವುದೂ ಸೇರಿ ಒಂದು ಸುತ್ತಿಗೆ 75 ನಿಮಿಷ ಅಂದುಕೊಳ್ಳೋಣ. ಮೂರು ರೈಲು ಇದ್ದರೆ 75 ಭಾಗಿಸು 3, ಉತ್ತರ 25. ಸರಿಯಾಗಿ ಹೊಂದಿತು! ಹಾಗಾದರೆ ನಾಲ್ಕನೆಯ ರೈಲು ಬಂದರೆ 18.75. ಐದನೆಯದು ಬಂದರೆ 15.

ಸೆಪ್ಟೆಂಬರ್‌ನಲ್ಲಿ ನಾಲ್ಕನೆಯದು ಸೇರಿತು. ಮೆಟ್ರೊ ನಿಗಮದ ಪ್ರಕಟಣೆ: ಇನ್ನು 19 ನಿಮಿಷಕ್ಕೊಂದು ರೈಲು. ನವೆಂಬರ್‌ನಲ್ಲಿ ಐದನೆಯದು ಬಂತು: 15 ನಿಮಿಷ. ನೋಟ್‌ಬುಕ್ಕಿನ ಹಿಂದಿನ ಹಾಳೆಯ ಲೆಕ್ಕ ಪೇಪರಿನಲ್ಲಿ ಬಂದದ್ದು ನೋಡಿದಾಗ ಆದ ಖುಷಿ, ಎಂ-3ರಲ್ಲಿ ಪಾಸಾದಾಗಲೂ ಆಗಿರಲಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ. ಮೂರಕ್ಕೆ ಒಂದು ರೈಲು ಸೇರಿಸಿದರೆ ಆರು ನಿಮಿಷ ಉಳಿಯುತ್ತದೆ. ನಾಲ್ಕಕ್ಕೆ ಒಂದು ಸೇರಿಸಿದರೆ ನಾಲ್ಕು ನಿಮಿಷ. ಐದಕ್ಕೆ ಒಂದು ಸೇರಿಸಿದರೆ ಎರಡೂವರೆ. ಹದಿನಾಲ್ಕಕ್ಕೆ ಒಂದು ಸೇರಿದರೆ ಉಳಿಯುವುದು ಅರ್ಧ ನಿಮಿಷವೂ ಅಲ್ಲ. ಅಂದರೆ ಮೊದಲ ಕೆಲವು ರೈಲುಗಳೇ ಬಂಗಾರ. ಅವು ಒಂದು ತಿಂಗಳು ಮೊದಲು ಬಂದರೂ ನಮ್ಮಂಥವರಿಗೆ ಎಷ್ಟೋ ಪೀರಿಯಡ್ ಉಳಿಯುತ್ತಿತ್ತು. ವಿಶ್ವವಿದ್ಯಾಲಯ ಕೇಳುವುದು ಶೇ 85 ಹಾಜರಾತಿ. ಆಗಸ್ಟ್ ಕೊನೆಗೆ ಮೊದಲ ಪೀರಿಯಡ್‌ನ ವಿಷಯದಲ್ಲಿ ನನ್ನದು 71 ಇತ್ತು. ಈಗ 83. ಇನ್ನೆರಡು ಬೇಕು.

ನೂಕುನುಗ್ಗಲಿಗೂ ಇದೇ ಲೆಕ್ಕ. ಒಂದು ರೈಲಿನಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ಆದರೆ ಅದು 25 ನಿಮಿಷ ಬಂದು ಸೇರಿದ ಜನರನ್ನೆಲ್ಲ ಒಟ್ಟಿಗೆ ಹೊರಬೇಕು. ಕೂಡ್ಲು ಗೇಟ್ ದಾಟುವಷ್ಟರಲ್ಲಿ ಕೈ ಎತ್ತಿದವರು ಇಳಿಸಲಾಗದ ಸ್ಥಿತಿ. ಹಾಗೆ ನಿಂತಿದ್ದಾಗ ಒಂದು ದಿನ ಕ್ಲಾಸಿನಲ್ಲಿ ಓದಿದ್ದು ನೆನಪಾಯಿತು. ಇಂಥ ರೈಲುಗಳಲ್ಲಿ ಕೋಚ್ ಕೂರುವುದು ಗಾಳಿ ತುಂಬಿದ ದಪ್ಪ ರಬ್ಬರ್ ಚೀಲಗಳ ಮೇಲೆ, ಏರ್ ಸ್ಪ್ರಿಂಗ್ ಅನ್ನುತ್ತಾರೆ. ಜನ ಹೆಚ್ಚಾದಂತೆ ಕೋಚ್ ಕುಗ್ಗಬೇಕು ತಾನೇ? ಕುಗ್ಗಿದರೆ ಕೋಚಿನ ನೆಲ ಪ್ಲಾಟ್‌ಫಾರ್ಮಿಗಿಂತ ಕೆಳಗೆ ಹೋಗಿ ಇಳಿಯುವವರು ಎಡವುತ್ತಾರೆ. ಅದಕ್ಕೇ ಚೀಲಕ್ಕೆ ಇನ್ನಷ್ಟು ಗಾಳಿ ನುಗ್ಗಿ ನೆಲ ಮತ್ತೆ ಮಟ್ಟಕ್ಕೆ ಬರುತ್ತದೆ. ಆ ಗಾಳಿಯ ಒತ್ತಡ ನೋಡಿ ಎಷ್ಟು ಭಾರ ಇದೆ ಅಂತ ಬ್ರೇಕ್ ವ್ಯವಸ್ಥೆಗೆ ತಿಳಿಯುತ್ತದೆ, ಅದಕ್ಕೆ ತಕ್ಕಷ್ಟು ಬ್ರೇಕ್ ಹಾಕುತ್ತದೆ. ಹಾಗಾಗಿಯೇ ಖಾಲಿ ರೈಲೂ ತುಂಬಿದ ರೈಲೂ ಒಂದೇ ಹದದಲ್ಲಿ ನಿಲ್ಲುತ್ತವೆ. ಪ್ರತಿ ಸ್ಟೇಷನ್ನಿನಲ್ಲೂ ರೈಲು ನಮ್ಮನ್ನೆಲ್ಲ ತೂಗುತ್ತಿದೆ ಅಂತಾಯಿತು. ಪಕ್ಕದಲ್ಲಿ ನಿಂತಿದ್ದ ಗೆಳತಿಗೆ ಹೇಳಿದೆ. 'ನನ್ನ ತೂಕ ಯಾರಿಗೂ ಹೇಳಲ್ಲ ತಾನೇ' ಅಂದಳು.

ಅತ್ತೆ ಮೆಟ್ರೊ ಹತ್ತಿದ್ದು ಒಂದೇ ಒಂದು ಸಲ, ಒಂದು ಭಾನುವಾರ, ನನ್ನ ಬಲವಂತಕ್ಕೆ. ರಾಗಿಗುಡ್ಡದ ಆಂಜನೇಯನ ದರ್ಶನಕ್ಕೆ. ಕೂರಲು ಸೀಟು ಸಿಕ್ಕಿತ್ತು. ಸಿಲ್ಕ್ ಬೋರ್ಡ್ ಬಂದಾಗ ಎದ್ದು ಕಿಟಕಿಗೆ ಮುಖ ಒತ್ತಿ, ಕೆಳಗೆ ನಿಂತಿದ್ದ ಬಸ್ಸುಗಳನ್ನು ನೋಡುತ್ತಾ ಏನೂ ಮಾತಾಡದೆ ನಿಂತರು. ಹದಿನಾಲ್ಕು ವರ್ಷ ಆ ರಸ್ತೆಯ ಹೊಗೆ ಕುಡಿದವರು. ವಾಪಸು ಬರುವಾಗ ಕೇಳಿದೆ, 'ಅತ್ತೆ, ಕೆಲಸಕ್ಕೂ ಇದರಲ್ಲೇ ಹೋಗಬಹುದಲ್ಲ?'

'ಬಸ್ಸು ಬಿಟ್ಟಿ ಕಣಮ್ಮಿ. ಇದಕ್ಕೆ ತಿಂಗಳಿಗೆ ಎಷ್ಟಾಗುತ್ತೆ ಲೆಕ್ಕ ಹಾಕು, ನೀನು ಓದಿದೋಳು.'

ಹಾಕಿದೆ. ಅವರ ಸಂಬಳದ ಎದುರು ಇಟ್ಟು ನೋಡಿದೆ. ಮತ್ತೆ ಕೇಳಲಿಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ನಮಗೂ ಬಿಎಂಟಿಸಿಯ ಹಾಗೆ ವಿದ್ಯಾರ್ಥಿ ಪಾಸ್ ಇಲ್ಲ. ನಾನು ಬೆಳಗ್ಗೆ ಮೆಟ್ರೊ, ಸಂಜೆ ಬಸ್ಸು ಅಂತ ರಾಜಿ ಮಾಡಿಕೊಂಡಿದ್ದೇನೆ. ಸಂಜೆ ತಡವಾದರೆ ಹಾಜರಾತಿ ಹೋಗುವುದಿಲ್ಲವಲ್ಲ. ಹೊಸ ರೈಲು ತರಿಸುವವರು ನಿಮಿಷದ ಲೆಕ್ಕ ಇಟ್ಟ ಹಾಗೆ, ಕೆಳಗಿನ ರಸ್ತೆಯಲ್ಲೇ ಉಳಿದುಹೋದ ಅತ್ತೆಯಂಥವರ ಲೆಕ್ಕವನ್ನೂ ಯಾರಾದರೂ ಇಡಬೇಕು ಅನ್ನಿಸುತ್ತೆ.

ಕೆಲಸದ ವಿಷಯ ಬರೆಯದಿದ್ದರೆ ಈ ಪುಟ ಓದುವ ನೀವು ಬೈದೀರಿ. ಮೆಕ್ಯಾನಿಕಲ್ ಅಂದ ಕೂಡಲೇ 'ಕೊನೆಗೆ ಕೋಡಿಂಗೇ ತಾನೇ' ಅನ್ನುವ ಮಾತು ನಮ್ಮ ಬ್ಯಾಚಿನಲ್ಲಿ ಎಲ್ಲರೂ ಕೇಳಿದ್ದೇವೆ. ನಾನೂ ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಕೋಡಿಂಗ್ ಕೋರ್ಸಿಗೆ ಸೇರಿ ಅರ್ಧಕ್ಕೆ ಬಿಟ್ಟವಳು. ರೈಲು ಬೋಗಿ ಕಟ್ಟುವುದು ಎಲ್ಲೋ ಚೀನಾದಲ್ಲೋ ಬಂಗಾಳದಲ್ಲೋ ಅಂದುಕೊಂಡಿದ್ದೆ. ಬಿಇಎಂಎಲ್ ಇರುವುದು ನಮ್ಮ ತಿಪ್ಪಸಂದ್ರದಲ್ಲಿ, 1964ರಲ್ಲಿ ಶುರುವಾದ ಕಂಪನಿ. 2011ರ ಅಕ್ಟೋಬರ್‌ನಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲು ಓಡಿದ ಮೂರು ಬೋಗಿಯ ರೈಲು ಅವರೂ ಸೇರಿ ಕಟ್ಟಿದ್ದೇ. ದೆಹಲಿ, ಜೈಪುರ, ಕೋಲ್ಕತ್ತ ಮೆಟ್ರೊಗಳಿಗೂ ಇಲ್ಲಿಂದ ಬೋಗಿ ಹೋಗಿವೆ. ಪಿಂಕ್ ಮತ್ತು ನೀಲಿ ಮಾರ್ಗಗಳಿಗಾಗಿ 2023ರಲ್ಲಿ 318 ಬೋಗಿಗಳ ಗುತ್ತಿಗೆಯೂ ಅವರದೇ. ಅಂದರೆ 53 ರೈಲು. ಅಷ್ಟು ರೈಲಿಗೆ ವೆಲ್ಡಿಂಗ್, ವೈರಿಂಗ್, ಬ್ರೇಕ್, ಬಾಗಿಲು, ಪರೀಕ್ಷೆ ಎಲ್ಲ ಆಗಬೇಕು. ಆಮೇಲೆ ಡಿಪೊಗಳಲ್ಲಿ ಮೂವತ್ತು ವರ್ಷ ಅವುಗಳ ಆರೈಕೆಯೂ ಆಗಬೇಕು. ಎಲ್ಲರಿಗೂ ಅಲ್ಲಿ ಕೆಲಸ ಕಾದಿದೆ ಅನ್ನುವಷ್ಟು ದಡ್ಡಿ ನಾನಲ್ಲ, ಸರ್ಕಾರಿ ಕಂಪನಿಗಳ ನೇಮಕಾತಿ ಹೇಗೆ ಅಂತ ನಮ್ಮ ಸೀನಿಯರ್‌ಗಳನ್ನು ಕೇಳಿ. ಆದರೆ ಬಿಡಿಭಾಗ ಮಾಡಿಕೊಡುವ ಸಣ್ಣ ಶಾಪ್‌ಗಳು ಬೊಮ್ಮಸಂದ್ರ, ಪೀಣ್ಯದ ಗಲ್ಲಿಗಲ್ಲಿಯಲ್ಲೂ ಇವೆ. ಮಾವನ ಶಾಪ್‌ನ ಡ್ರಾಯಿಂಗ್ ಒಂದನ್ನು ನೋಡಿ, ಟಾಲರೆನ್ಸ್ ಎಷ್ಟು ಕೊಟ್ಟಿದ್ದಾರೆ ಅಂತ ಓದಲು ಬಂದದ್ದೇ ನನಗೆ ದೊಡ್ಡ ಹೆಮ್ಮೆ.

ಇಂಟರ್ನ್‌ಷಿಪ್‌ಗೆ ಮೂರು ಕಡೆ ಅರ್ಜಿ ಹಾಕಿದ್ದೇನೆ. ಒಂದು ಕಡೆಯಿಂದ 'ಹುಡುಗಿಯರಿಗೆ ಶಾಪ್ ಫ್ಲೋರ್ ಕಷ್ಟ ಆಗುತ್ತಮ್ಮ' ಅಂತ ಫೋನಿನಲ್ಲಿ ಹೇಳಿದರು. ಇನ್ನೆರಡು ಕಡೆಯಿಂದ ಉತ್ತರ ಬಂದಿಲ್ಲ. ಮಾವ ಅವರ ಶಾಪ್ ಮಾಲೀಕರನ್ನು ಕೇಳಿ ನೋಡುತ್ತೇನೆ ಅಂದಿದ್ದಾರೆ.

ಐದನೆಯದು ಬಂದ ಮೇಲೆ ಆರನೆಯ ರೈಲಿನ ಬೋಗಿಗಳ ಸುದ್ದಿಯನ್ನು ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದೆವು. ರಾತ್ರಿ ಪಾಳಿ ಮುಗಿಸಿ ಬಂದ ಮಾವ ಒಂದು ದಿನ ಬಾಗಿಲಲ್ಲೇ ನಿಂತು, 'ನಿನ್ನ ಡಬ್ಬಿ ಯಾವುದೂ ಕಾಣಲಿಲ್ಲ ಕಣಮ್ಮ ಇವತ್ತು' ಅಂದರು. ಅದು ಬಂದರೆ 75 ಭಾಗಿಸು 6. ಹನ್ನೆರಡೂವರೆ. ಆಗ ಬೆಳಗ್ಗೆ ಅತ್ತೆ ಮಾಡಿದ ಉಪ್ಪಿಟ್ಟನ್ನು ನಿಂತುಕೊಂಡು ತಿನ್ನುವ ಬದಲು ಕೂತು ತಿನ್ನಬಹುದು ಅಂತ ಲೆಕ್ಕ ಹಾಕಿದ್ದೆ.