ಮಂಡ್ಯದ ಮೈಷುಗರ್ ಮತ್ತು ಅದರ ಒಡಹುಟ್ಟುಗಳು

ಮಂಡ್ಯವೆಂದೊಡನೆ ಕಬ್ಬಿನ ನೆನಪಾಗುವುದು ನಮ್ಮಲ್ಲಿ ಎಷ್ಟು ರೂಢಿಯಾಗಿಹೋಗಿದೆಯೆಂದರೆ, ಈ ಸೀಮೆ ಅನಾದಿಯಿಂದಲೂ ಹೀಗೆಯೇ ಹಸುರಾಗಿದ್ದಿತೆಂದು ಹೊಸ ತಲೆಮಾರಿನವರು ಭಾವಿಸಿದರೆ ಅವರನ್ನು ದೂಷಿಸುವಂತಿಲ್ಲ. ವಾಸ್ತವದಲ್ಲಿ ಶ್ರೀರಂಗಪಟ್ಟಣದ ಸುತ್ತ ಕಾವೇರಿಯ ಪುರಾತನ ನಾಲೆಗಳು ನೀರುಣಿಸುತ್ತಿದ್ದ ಭೂಮಿ, ಮದ್ದೂರಿನ ಕೆರೆಯ ಕೆಳಗಣ ಗದ್ದೆಗಳು, ಅಲ್ಲಲ್ಲಿ ಊರಕೆರೆಗಳ ಅಚ್ಚುಕಟ್ಟು, ಇಷ್ಟನ್ನು ಬಿಟ್ಟರೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬಹುಭಾಗ ಮಳೆಯನ್ನೇ ನಂಬಿದ ರಾಗಿಹೊಲವಾಗಿದ್ದಿತು. ಕಬ್ಬು ಈ ಕಡೆಗೆ ಅಪರಿಚಿತವೇನೂ ಆಗಿರಲಿಲ್ಲ; ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ರೈತರ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆ ತೆಗೆಯುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯೊಂದು 1847ರಷ್ಟು ಹಿಂದೆಯೇ ತಲೆಯೆತ್ತಿ, ಕಾಲಾಂತರದಲ್ಲಿ ಕಣ್ಮರೆಯಾದುದೂ ಉಂಟು. ಆದರೆ ಕಬ್ಬು ಒಂದು ಸೀಮೆಯ ಜೀವನಾಧಾರವಾಗಬೇಕಾದರೆ ಒಬ್ಬ ಉದ್ಯಮಿಯ ಸಾಹಸವಾಗಲಿ, ಒಬ್ಬ ರೈತನ ಶ್ರಮವಾಗಲಿ ಸಾಲದೆಂಬುದನ್ನು ಅರಿತು, ಮೈಸೂರು ಸಂಸ್ಥಾನದ ಸರ್ಕಾರವು 1930ರ ಆಚೀಚಿನ ಕೆಲವೇ ವರ್ಷಗಳಲ್ಲಿ ಇಲ್ಲಿ ಮೂರು ಸಂಸ್ಥೆಗಳನ್ನು ನೆಲೆಗೊಳಿಸಿತು: ಒಂದು ನಾಲೆ, ಒಂದು ಪ್ರಯೋಗಕ್ಷೇತ್ರ, ಒಂದು ಕಾರ್ಖಾನೆ. ಇವು ಒಂದೇ ತಾಯಿಯ ಮಕ್ಕಳು. ಮೈಷುಗರ್ ಎಂದು ಜನ ಕರೆಯುವ ಮೈಸೂರು ಸಕ್ಕರೆ ಕಂಪನಿಯನ್ನು ಪರಿಚಯಿಸಹೊರಟವನು ಉಳಿದೆರಡನ್ನು ಬಿಟ್ಟು ಮಾತನಾಡುವಂತಿಲ್ಲ.

ಕನ್ನಂಬಾಡಿಯ ಕಟ್ಟೆಯ ಕಾಮಗಾರಿ 1911ರಲ್ಲಿ ಆರಂಭವಾದಾಗ ಸರ್ಕಾರದ ಕಣ್ಣಿದ್ದುದು ಮೊದಲು ವಿದ್ಯುತ್ತಿನ ಮೇಲೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಸ್ಥಾಪಿತವಾದ ವಿದ್ಯುದಾಗಾರವು ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಒದಗಿಸುತ್ತಿದ್ದು, ಬೇಸಗೆಯಲ್ಲಿ ಕಾವೇರಿ ಬತ್ತಿದಾಗ ಅದಕ್ಕೆ ನೀರಿನ ಕೊರತೆಯಾಗದಂತೆ ನೋಡಿಕೊಳ್ಳುವುದು ಅಂದಿನ ತುರ್ತಾಗಿದ್ದಿತು. ಮಳವಳ್ಳಿಯ ಜಲಪಾತದ ಶಕ್ತಿ ದೂರದ ಕೋಲಾರಕ್ಕೆ ಹೋಗಿ, ಮಳವಳ್ಳಿಯ ಹೊಲ ಮಾತ್ರ ಮುಗಿಲು ನೋಡುತ್ತಿದ್ದ ಆ ಸ್ಥಿತಿಯನ್ನು ಬದಲಾಯಿಸಿದುದು ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ತೋಡಲಾದ ಇರ್ವಿನ್ ನಾಲೆ; ಇಂದಿನ ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ಬಳಿ ಅಡ್ಡಲಾಗಿ ನಿಂತ ಗುಡ್ಡವನ್ನು ಸುಮಾರು ಒಂದೂಮುಕ್ಕಾಲು ಮೈಲಿ ಉದ್ದಕ್ಕೆ ಕೊರೆದು, ಆ ಸುರಂಗದ ಮೂಲಕ ನೀರನ್ನು ಆಚೆಗೆ ಹಾಯಿಸಿ, ಅಲ್ಲಿಂದ ಮುಂದೆ ಮದ್ದೂರು ಶಾಖೆ, ಕಾವೇರಿ ಶಾಖೆ, ತುರುಗನೂರು ಶಾಖೆ, ಹೆಬ್ಬಕವಾಡಿ ಶಾಖೆ ಎಂದು ಕವಲೊಡೆಸಿ, ಸುಮಾರು 1,20,000 ಎಕರೆಗೆ ನೀರು ಕೊಡುವ ಸಂಕಲ್ಪ ಅದರದು.

ನೀರು ಬಂದಿತು, ಆದರೆ ಅದು ಬಂದ ಕಾಲ ಒಳ್ಳೆಯದಾಗಿರಲಿಲ್ಲ. ಜಗತ್ತನ್ನೆಲ್ಲ ಆವರಿಸಿದ್ದ ಆರ್ಥಿಕ ಮುಗ್ಗಟ್ಟಿನಿಂದ ಧಾನ್ಯದ ಬೆಲೆ ಕುಸಿದು, ಭತ್ತವನ್ನೇ ನೆಚ್ಚಿ ನೀರಿನ ತೆರಿಗೆ ಕಟ್ಟುವುದು ರೈತನಿಗೆ ದುಸ್ಸಾಧ್ಯವಾಗಿದ್ದಿತು. ಈ ಸಂಧಿಕಾಲದಲ್ಲಿ ಕೃಷಿ ಇಲಾಖೆಯ ಚುಕ್ಕಾಣಿ ಹಿಡಿದಿದ್ದವರು ಡಾ. ಲೆಸ್ಲಿ ಕೋಲ್ಮನ್. ಕೆನಡಾದಲ್ಲಿ ಹುಟ್ಟಿ, 1908ರಲ್ಲಿ ಸಸ್ಯರೋಗ ಹಾಗೂ ಕೀಟಶಾಸ್ತ್ರದ ತಜ್ಞರಾಗಿ ಮೈಸೂರಿಗೆ ಬಂದು, ಮಲೆನಾಡಿನ ಅಡಕೆ ತೋಟಗಳ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಉಪಾಯವನ್ನು ಕಂಡುಕೊಟ್ಟ ಈ ಮನುಷ್ಯನ ಹೆಸರು ನಮ್ಮ ಶಾಲಾಪುಸ್ತಕಗಳಲ್ಲಿ ಇನ್ನೂ ದೊಡ್ಡದಾಗಿ ಕಾಣಿಸಬೇಕಾಗಿದ್ದಿತೆಂದು ನನಗೆ ಬಹುಕಾಲದಿಂದ ಅನ್ನಿಸುತ್ತಿದೆ. ನಾಲೆಯ ಬಯಲಿನಲ್ಲಿ ಬ್ಲಾಕ್ ಪದ್ಧತಿ ಜಾರಿಗೆ ಬಂದುದು ಅವರ ಕಾಲದಲ್ಲಿ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನೀರಾ ನಾಲೆಯಲ್ಲಿ ಮೊದಲೇ ರೂಢಿಗೆ ತಂದಿದ್ದ ಈ ಕ್ರಮದಂತೆ, ಭೂಮಿಯನ್ನು ಮೂರು ಪಾಲುಮಾಡಿ, ಒಂದರಲ್ಲಿ ಕಬ್ಬು, ಇನ್ನೊಂದರಲ್ಲಿ ಭತ್ತ, ಮತ್ತೊಂದರಲ್ಲಿ ರಾಗಿಯಂಥ ಅರೆನೀರಾವರಿ ಬೆಳೆ, ಹೀಗೆ ಮೂರು ವರ್ಷಗಳ ಸರದಿಯಲ್ಲಿ ಬೆಳೆಯತಕ್ಕದ್ದು. ಇದರಿಂದ ನೀರು ಹೆಚ್ಚು ಹಳ್ಳಿಗಳಿಗೆ ಹಂಚಿಕೆಯಾಗುವುದು, ನೆಲ ಜೌಗುಹಿಡಿಯದೆ ಉಳಿಯುವುದು, ಮನೆಯ ಊಟಕ್ಕೂ ಕೈಯ ಕಾಸಿಗೂ ದಾರಿಯಾಗುವುದು. ಯೋಚಿಸಿದಷ್ಟೂ ನನಗೆ ಇದು ಅಣೆಕಟ್ಟೆಗಿಂತ ಕಡಿಮೆಯಲ್ಲದ ರಚನೆಯಾಗಿ ತೋರುತ್ತದೆ.

ಕಬ್ಬು ಬೆಳೆದರೆ ಕೊಳ್ಳುವವರಾರು ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದುದು ಕಾರ್ಖಾನೆ. ಜಾವಾ ದ್ವೀಪದ ಅಗ್ಗದ ಸಕ್ಕರೆಯಿಂದ ದೇಶೀಯ ಉದ್ಯಮವನ್ನು ಕಾಪಾಡಲು 1932ರಲ್ಲಿ ಭಾರತ ಸರ್ಕಾರ ರಕ್ಷಣಾ ಸುಂಕದ ಕಾಯಿದೆಯನ್ನು ತಂದಿದ್ದಿತು. ಆ ಅವಕಾಶವನ್ನು ಸಂಸ್ಥಾನ ಕೈಬಿಡಲಿಲ್ಲ. ಕೋಲ್ಮನ್ನರ ಒತ್ತಾಸೆಯಿಂದ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಗಿ, 1934ರ ಆರಂಭದಲ್ಲಿ ಮಂಡ್ಯದಲ್ಲಿ ಕಬ್ಬು ಅರೆಯತೊಡಗಿತು. ಸರ್ಕಾರವೇ ಪ್ರಧಾನ ಷೇರುದಾರನಾಗಿ ನಿಂತರೂ ರೈತರಿಗೂ ಸಾರ್ವಜನಿಕರಿಗೂ ಷೇರುಗಳ ಬಾಗಿಲನ್ನು ತೆರೆದುದು ಇದರ ವಿಶೇಷ. ಆದರೆ ಹಳ್ಳಿಯ ಪಾಲಿಗೆ ಷೇರುಪತ್ರಕ್ಕಿಂತ ಮುಖ್ಯವಾದುದು ಕಂಪನಿಯೊಡನೆ ಮಾಡಿಕೊಳ್ಳುತ್ತಿದ್ದ ಒಪ್ಪಂದ. ನಾಟಿಗೆ ಮೊದಲೇ ಕಂಪನಿಯವರು ರೈತನ ಕಬ್ಬನ್ನು ಕೊಳ್ಳಲು ಒಪ್ಪಿ, ಗೊಬ್ಬರವನ್ನೂ ಮುಂಗಡ ಹಣವನ್ನೂ ಕೊಟ್ಟು, ಕಟಾವಿನ ನಂತರ ಕಬ್ಬಿನ ಬೆಲೆಯಲ್ಲಿ ಅದನ್ನು ಮುರಿದುಕೊಂಡು, ಉಳಿದುದನ್ನು ಬಟವಾಡೆ ಮಾಡುತ್ತಿದ್ದರು. ಸಾಲಕ್ಕಾಗಿ ಸಾಹುಕಾರನ ಜಗುಲಿಯ ಹೊರತು ಬೇರೆ ಮೆಟ್ಟಿಲನ್ನು ಕಾಣದಿದ್ದ ಕುಟುಂಬಕ್ಕೆ, ಬೆಳೆಯನ್ನೇ ಆಧಾರವೆಂದು ನಂಬಿ ಹಣ ಕೊಡುವ ಸಂಸ್ಥೆಯೊಂದು ದೊರೆತುದು ಎಷ್ಟು ದೊಡ್ಡ ಸಂಗತಿಯೆಂಬುದನ್ನು ಅಂಕಿಗಳಿಂದ ಅಳೆಯಲಾಗದು. ಕಾರ್ಖಾನೆಯ ಸುತ್ತ ಊರು ಬೆಳೆಯಿತು, ಕಾಕಂಬಿಯಿಂದ ಮದ್ಯಸಾರ ತೆಗೆಯುವ ಘಟಕ ಬಂದಿತು, ಕಂಪನಿಯ ಹೆಸರಿನ ಪ್ರೌಢಶಾಲೆ ಬಂದಿತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯವೇ ಒಂದು ಜಿಲ್ಲೆಯ ಕೇಂದ್ರವಾಯಿತು.

ಮೂರನೆಯ ಒಡಹುಟ್ಟು ವಿ.ಸಿ. ಫಾರಂ. ನಾಲೆಯ ಹೆಸರನ್ನೇ ಹೊತ್ತು 1931ರಲ್ಲಿ ಆರಂಭವಾದ ಈ ಪ್ರಯೋಗಕ್ಷೇತ್ರದ ಕೆಲಸ, ಹೊಸದಾಗಿ ನೀರು ಕಂಡ ಮಣ್ಣಿಗೆ ಯಾವ ತಳಿ, ಎಷ್ಟು ನೀರು, ಎಂಥ ಗೊಬ್ಬರ ಎಂಬುದನ್ನು ರೈತನಿಗಿಂತ ಮೊದಲು ತಾನು ಪರೀಕ್ಷಿಸಿ ನೋಡುವುದು. ಮುಂದೆ ಇದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಸೇರಿತು. ಮಂಡ್ಯ ವಿಜಯ, ಮಂಡ್ಯ ವಾಣಿ ಎಂಬ ಭತ್ತದ ತಳಿಗಳೂ, ಈಚಿನ ವಿ.ಸಿ.ಎಫ್. 0517 ಎಂಬ ಕಬ್ಬಿನ ತಳಿಯೂ ಇಲ್ಲಿಯವೇ. ಆದರೆ ಈ ಫಾರಂ ನಾಡಿಗೆ ಕೊಟ್ಟ ಅತಿದೊಡ್ಡ ಕಾಣಿಕೆ ಕಬ್ಬಲ್ಲ, ಭತ್ತವೂ ಅಲ್ಲ, ರಾಗಿ. ಸಿ.ಎಚ್. ಲಕ್ಷ್ಮಣಯ್ಯನವರು ಇಲ್ಲಿಯೇ ಕುಳಿತು, ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳ ಸರಣಿಯನ್ನು ಹೊರತಂದರು. ರಾಗಿಯ ಹೂವು ಅತಿ ಸಣ್ಣದು, ಸ್ವಕೀಯ ಪರಾಗಸ್ಪರ್ಶದ್ದು. ಅಂಥ ಹೂವಿನಲ್ಲಿ ಸಂಕರಕಾರ್ಯವನ್ನು ಸಾಧಿಸಲು ಬೇಕಾದ ಕಣ್ಣು, ಕೈ, ತಾಳ್ಮೆಗಳನ್ನು ಊಹಿಸಿಕೊಂಡರೇ ಗೌರವ ಮೂಡುತ್ತದೆ. ಅದಕ್ಕೂ ಮುನ್ನ ಅವರು ಅನ್ನಪೂರ್ಣ, ಕಾವೇರಿ, ಶಕ್ತಿ ಮೊದಲಾದ ತಳಿಗಳನ್ನು ಕೊಟ್ಟಿದ್ದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದರು. ನಾಲೆಯ ನೀರಿಗಾಗಿ ಹುಟ್ಟಿದ ಸಂಸ್ಥೆಯೊಂದು ನೀರಿಲ್ಲದ ಹೊಲದವರನ್ನೂ ಮರೆಯಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಸರ್ಕಾರದ ಇಂಥ ಏರ್ಪಾಡು ಹಳ್ಳಿಯ ಬಾಳಿನೊಳಗೆ ಇಳಿದಾಗ ಏನಾಗುತ್ತದೆಂಬುದನ್ನು ಬಲು ಸೂಕ್ಷ್ಮವಾಗಿ ಕಂಡವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿ, ನಿರಾಶ್ರಿತೆಯಾಗಿ ಇಂಗ್ಲೆಂಡನ್ನು ಸೇರಿ, ಮ್ಯಾಂಚೆಸ್ಟರಿನಲ್ಲಿ ವ್ಯಾಸಂಗಮಾಡಿದ ಈ ವಿದುಷಿ 1950ರ ದಶಕದ ಮಧ್ಯದಲ್ಲಿ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ನೆಲೆಸಿ, ಅವುಗಳಿಗೆ ವಂಗಳ, ದಲೇನ ಎಂಬ ಕಲ್ಪಿತ ಹೆಸರುಗಳನ್ನಿತ್ತು, 1962ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ವಂಗಳಕ್ಕೆ ನಾಲೆಯ ನೀರು ಬಂದಿದ್ದಿತು; ದಲೇನ ಎತ್ತರದಲ್ಲಿದ್ದುದರಿಂದ ನೀರು ಅದರ ಹೊಲಗಳಿಗೆ ಏರಲಿಲ್ಲ. ನೀರು ಬಂದ ಊರು ಸಂಪನ್ನವಾಯಿತು. ಆದರೆ ಒಕ್ಕಲುತನವೇ ಬಾಳಿನ ಕೇಂದ್ರವಾಗಿ ಉಳಿದುದರಿಂದ ಅಲ್ಲಿಯ ಹಳೆಯ ಸಂಬಂಧಗಳು, ಒಡೆಯ ಆಳುಗಳ ವಂಶಪಾರಂಪರ್ಯದ ಕಟ್ಟುಗಳು ಬಹುಮಟ್ಟಿಗೆ ಹಾಗೆಯೇ ಮುಂದುವರಿದುವು. ನೀರು ಬಾರದ ಊರಿನವರಾದರೋ ಕಾರ್ಖಾನೆಯಲ್ಲಿ ಕೆಲಸ ಹಿಡಿದರು, ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳಿಗೆ ಹೋದರು, ಗಾಡಿಗಳಲ್ಲಿ ಕಬ್ಬು ಸಾಗಿಸಿದರು, ಹಿಟ್ಟಿನ ಗಿರಣಿ ಇಟ್ಟರು, ನೆರೆಯೂರುಗಳಲ್ಲಿ ಗದ್ದೆ ಕೊಂಡರು. ಹೀಗೆ ಹೊರಗಿನ ಲೋಕದೊಡನೆ ನೂರು ಎಳೆಗಳಲ್ಲಿ ಬೆಸೆದುಕೊಂಡು, ಊರಿನ ಒಳಗಣ ಹಳೆಯ ಕಟ್ಟುಗಳನ್ನು ಸಡಿಲಿಸಿದರು. ಸೌಲಭ್ಯ ದೊರೆತ ಹಳ್ಳಿಗಿಂತ ಅದರ ಮಗ್ಗುಲಿನ ಹಳ್ಳಿ ಹೆಚ್ಚು ಬದಲಾಯಿತೆಂಬ ಈ ನಿರ್ಣಯ, ಯೋಜನೆಗಳ ಫಲವನ್ನು ಫಲಾನುಭವಿಗಳ ಪಟ್ಟಿಯಿಂದಷ್ಟೇ ಎಣಿಸುವ ನಮ್ಮ ಕಚೇರಿಗಳವರು ಇಂದಿಗೂ ಓದಿ ಮನನಮಾಡತಕ್ಕದ್ದಾಗಿದೆ.

ಮೈಷುಗರಿನ ಮುಂದಣ ಕಥೆ ಸಂತೋಷದ್ದಲ್ಲ. ಯಂತ್ರಗಳು ಹಳೆಯವಾದುವು, ನಷ್ಟ ಬೆಳೆಯಿತು, ಕಬ್ಬಿನ ಬಾಕಿ ಉಳಿಯತೊಡಗಿತು. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗತಕ್ಕದ್ದೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಟವಾಡೆಯ ನಂಬಿಕೆ ಒಮ್ಮೆ ಮುರಿಯಿತೆಂದರೆ ಆದೇಶದ ಬಲದಿಂದ ಅದು ಕೂಡಿಕೊಳ್ಳುವುದಿಲ್ಲ. ರೈತರು ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ. ದೊಡ್ಡಿಗಳ ಖಾಸಗಿ ಕಾರ್ಖಾನೆಗಳತ್ತ ತಿರುಗಿದರು. ಇಲ್ಲವೇ ಹತ್ತಿರದ ಆಲೆಮನೆಗೆ ಗಾಡಿ ಹೊಡೆದರು. ಗಾಣ, ಕೊಪ್ಪರಿಗೆ, ಅಚ್ಚುಮಣೆಗಳ ಆ ಆಲೆಮನೆ ಕಟಾವಿನ ಸರದಿಗಾಗಿ ಕಾಯಿಸುವುದಿಲ್ಲ. ಈಗ ಒಂದು ಜಿಲ್ಲೆ ಒಂದು ಉತ್ಪನ್ನವೆಂಬ ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲವೇ ಆಯ್ಕೆಯಾಗಿ, ಆಲೆಮನೆಯವರಿಗೂ ಸರ್ಕಾರದ ಸಹಾಯಧನ ದೊರೆಯುವಂತಾದುದು ಉಚಿತವೇ ಆಗಿದೆ. ಕೆಲವು ವರ್ಷ ನಿಂತೇಹೋಗಿದ್ದ ಮೈಷುಗರ್, ಖಾಸಗಿಯವರಿಗೆ ಒಪ್ಪಿಸಕೂಡದೆಂದು ಜಿಲ್ಲೆಯ ಜನ ಹಟಹಿಡಿದ ಮೇಲೆ, 2022ರಲ್ಲಿ ಸರ್ಕಾರದ ಹಣದಿಂದ ಮತ್ತೆ ಕಬ್ಬು ಅರೆಯಿತು. ಆ ಹಟ ಕೇವಲ ಅಭಿಮಾನದ ಮಾತಾಗಿರಲಿಲ್ಲ; ನಾಲೆ, ಫಾರಂ, ಕಾರ್ಖಾನೆಗಳು ಕೂಡಿ ದುಡಿದ ದಿನಗಳ ಫಲವನ್ನು ಉಂಡವರ ವಿವೇಕ ಅದರಲ್ಲಿದ್ದಿತು. ಕಾರ್ಖಾನೆ ಬಿದ್ದುದಕ್ಕೆ ಯಂತ್ರದ ವಯಸ್ಸೊಂದೇ ಕಾರಣವೆಂದು ನಾನು ಒಪ್ಪಲಾರೆ. ನೀರು ಬಿಡುವವರು, ತಳಿ ಕೊಡುವವರು, ಕಬ್ಬು ಕೊಳ್ಳುವವರು ಬೇರೆಬೇರೆ ಇಲಾಖೆಗಳಾಗಿ ಹಂಚಿಹೋಗಿ, ಬ್ಲಾಕ್ ಪದ್ಧತಿಯ ಸರದಿ ತಪ್ಪಿ, ಒಬ್ಬರ ಲೆಕ್ಕ ಮತ್ತೊಬ್ಬರಿಗೆ ತಿಳಿಯದಂತಾದುದು ಅದಕ್ಕಿಂತ ದೊಡ್ಡ ಕಾರಣ.

ಹಾಲಿನ ವಿಷಯದಲ್ಲಿ ಮಾತ್ರ ಆ ಕೂಡಿಕೆ ಇನ್ನೂ ಉಳಿದಿದೆ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಡೈರಿಯುಳ್ಳ ಜಿಲ್ಲಾ ಹಾಲು ಒಕ್ಕೂಟವು ಹಳ್ಳಿಹಳ್ಳಿಯ ಸಂಘಗಳಿಂದ ಬೆಳಿಗ್ಗೆ ಸಂಜೆ ಹಾಲನ್ನು ಅಳೆದುಕೊಳ್ಳುತ್ತದೆ. ಹಸುವಿನ ಚಿಕಿತ್ಸೆ, ಪಶು ಆಹಾರ, ಸಾಗಣೆ, ಮಾರಾಟಗಳೆಲ್ಲ ಒಂದೇ ಸರಣಿಗೆ ಸೇರಿವೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭಿಸಿದ ಪ್ರೋತ್ಸಾಹಧನವನ್ನು ರಾಜ್ಯ ಸರ್ಕಾರ ಮುಂದೆ 5 ರೂಪಾಯಿಗೆ ಏರಿಸಿತು. ವರ್ಷಕ್ಕೊಮ್ಮೆ ಬರುವ ಕಬ್ಬಿನ ಹಣ ಮನೆಯ ಯಜಮಾನನ ಕೈಸೇರಿ ಸಾಲಕ್ಕೆ ಸಲ್ಲುತ್ತದೆ. ಆಗಾಗ ಬರುವ ಹಾಲಿನ ಹಣ ಬಹುಪಾಲು ಮನೆಗಳಲ್ಲಿ ಹೆಂಗಸರ ಕೈಯಲ್ಲಿ ಉಳಿದು ಮಕ್ಕಳ ಶಾಲೆಗೂ ಅಡುಗೆಮನೆಗೂ ಸಲ್ಲುತ್ತದೆ. ನಾಲೆಯ ಕೊನೆಯ ಭಾಗದಲ್ಲಿರುವ ಮಳವಳ್ಳಿಯ ಹಳ್ಳಿಗಳಲ್ಲಿ ಈ ಹಣದ ಬೆಲೆ ಇನ್ನೂ ಹೆಚ್ಚು. ಕಟ್ಟೆಯಲ್ಲಿ ನೀರು ತಗ್ಗಿದ ವರ್ಷ ಮೊದಲು ಒಣಗುವುದು ಅವರ ಗದ್ದೆಯೇ; ಮೇಲಿನವರು ಸರದಿ ಮೀರಿ ಕಬ್ಬು ನೆಟ್ಟಾಗ ನೀರುಗಂಟಿಯ ಮುಂದೆ ನಿಂತು ವಾದಿಸಬೇಕಾದವರೂ ಅವರೇ. ಕಾರ್ಖಾನೆಯ ಪುನರುಜ್ಜೀವನಕ್ಕೆ ಹಣ ಕೊಟ್ಟ ಸರ್ಕಾರ, ಅದರೊಡನೆಯೇ ನೀರಾವರಿ ನಿಗಮ, ವಿ.ಸಿ. ಫಾರಂ, ಕಾರ್ಖಾನೆ ಮೂವರನ್ನೂ ಪ್ರತಿ ಬೇಸಗೆಯಲ್ಲಿ ಒಂದೆಡೆ ಕೂಡಿಸಿ, ಯಾವ ಶಾಖೆಯಲ್ಲಿ ಎಷ್ಟು ಎಕರೆ ಕಬ್ಬು, ಎಷ್ಟು ಭತ್ತ, ಎಷ್ಟು ರಾಗಿ ಎಂಬುದನ್ನು ನಾಟಿಗೆ ಮುಂಚೆಯೇ ನಿಶ್ಚಯಿಸುವ ಪದ್ಧತಿಯನ್ನು ಮರಳಿ ತರಬೇಕು. ಆ ನಿಶ್ಚಯದ ಲೆಕ್ಕ ಮಳವಳ್ಳಿಯ ಕೊನೆಯ ತೂಬಿನಿಂದ ಆರಂಭವಾಗಬೇಕು.