ಯಂತ್ರಮಾನವರ ಅಂಗಣದಲ್ಲಿ ಅಳತೆಗೋಲು

ಬಾವಿಯ ನೀರು ಮೂವತ್ತು ಅಡಿ ಆಳದಲ್ಲಿದೆ ಎಂದು ಯಾರೋ ಹೇಳಿದರೆಂದು ಇಟ್ಟುಕೊಳ್ಳೋಣ. ಆ ಮಾತನ್ನು ನಂಬಿ ಮೂವತ್ತು ಅಡಿ ಹಗ್ಗವನ್ನು ಕೊಂಡುತಂದವನ ಕೊಡವು ನೀರನ್ನು ಮುಟ್ಟದೆ ನಡುವೆಯೇ ತೂಗಾಡಬಹುದು. ಹೇಳಿದವರು ಸುಳ್ಳಾಡಲಿಲ್ಲ, ಅವರು ನೆಲದ ಮಟ್ಟದಿಂದ ಅಳೆದಿದ್ದರು. ಹಗ್ಗ ಇಳಿಯುವುದಾದರೋ ನೆಲಕ್ಕಿಂತ ಎತ್ತರದಲ್ಲಿರುವ ರಾಟೆಯಿಂದ. ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂಬುದನ್ನು ತಿಳಿಯದೆ ಅಂಕೆಯನ್ನು ಮಾತ್ರ ಹಿಡಿದು ಹೊರಟರೆ ಹೀಗಾಗುತ್ತದೆ.

ಇದೇ ಪಾಠವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಬೇರೊಂದು ಕಡೆ ಕಲಿಯುತ್ತಿದ್ದಾರೆ. ಅಮೆರಿಕದ ಡೀನ್ ಕೇಮನ್ ಎಂಬ ಯಂತ್ರಶೋಧಕರು 1989ರಲ್ಲಿ ‘ಫಸ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಯಂತ್ರಮಾನವ ಸ್ಪರ್ಧೆ 1992ರಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಒಂದು ಶಾಲೆಯ ವ್ಯಾಯಾಮಶಾಲೆಯಲ್ಲಿ 28 ತಂಡಗಳೊಡನೆ ಆರಂಭವಾಯಿತು. ಈ ಯಂತ್ರಗಳಿಗೆ ಮನುಷ್ಯನ ಆಕಾರವೇನೂ ಇರಬೇಕಾಗಿಲ್ಲ. ಚಕ್ರ, ತೋಳು, ಕೊಕ್ಕೆಗಳಿದ್ದರೆ ಸಾಕು. ಪ್ರತಿವರ್ಷವೂ ಹೊಸ ಆಟವನ್ನೂ ಅದರ ಅಂಗಣದ ನಕ್ಷೆಗಳನ್ನೂ ಪ್ರಕಟಿಸುತ್ತಾರೆ. ತಂಡಗಳು ಕೆಲವೇ ವಾರಗಳಲ್ಲಿ ಯಂತ್ರವನ್ನು ಕಟ್ಟಬೇಕು. ನಿಜವಾದ ಅಂಗಣ ಕಣ್ಣಿಗೆ ಬೀಳುವ ಮೊದಲೇ, ಕಾಗದದ ಮೇಲಿನ ಅಳತೆಗಳನ್ನು ನಂಬಿ ಲೋಹವನ್ನು ಕತ್ತರಿಸಬೇಕಾಗುತ್ತದೆ.

2022ರ ಆಟವನ್ನೇ ಉದಾಹರಣೆಯಾಗಿ ನೋಡೋಣ. ಅಂಗಣದ ಒಂದು ಭಾಗದಲ್ಲಿ ನಾಲ್ಕು ಅಡ್ಡಕೊಳವೆಗಳಿದ್ದವು. ನಕ್ಷೆಯ ಪ್ರಕಾರ ಅವುಗಳ ಎತ್ತರ ಸುಮಾರು 124, 153, 192 ಮತ್ತು 231 ಸೆಂಟಿಮೀಟರ್. ಆಟದ ಕೊನೆಯಲ್ಲಿ ಯಂತ್ರವು ಇವುಗಳಲ್ಲೊಂದಕ್ಕೆ ಜೋತುಬಿದ್ದರೆ ಅಂಕಗಳು ದೊರೆಯುತ್ತಿದ್ದುವು. ಅತಿ ಎತ್ತರದ ಕೊಳವೆಗೆ 15 ಅಂಕ. ಬ್ಯಾಟರಿಯನ್ನೂ ಸುತ್ತಲಿನ ಮೆತ್ತೆಯನ್ನೂ ಬಿಟ್ಟು ಯಂತ್ರದ ತೂಕ 125 ಪೌಂಡುಗಳವರೆಗೆ, ಎಂದರೆ ಸುಮಾರು 57 ಕಿಲೋಗ್ರಾಂವರೆಗೆ, ಇರಬಹುದಾಗಿತ್ತು. ಅಷ್ಟು ಭಾರವನ್ನು ಹೊತ್ತ ಕೊಕ್ಕೆ ಜಾರಿದರೆ ಅಂಕಗಳು ಮಾತ್ರವಲ್ಲ, ವಾರಗಟ್ಟಲೆ ಮಾಡಿದ ಕೆಲಸವೂ ನೆಲಕ್ಕೆ ಬೀಳುತ್ತದೆ.

ಮೊದಲನೆಯ ಪ್ರಶ್ನೆ ಬಾವಿಯದೇ. 231 ಸೆಂಟಿಮೀಟರ್ ಎಂಬುದು ಕೊಳವೆಯ ಮೇಲಂಚಿಗೋ, ನಡುವಿಗೋ, ಕೆಳಗಿನ ಅಂಚಿಗೋ? ಈ ಕೊಳವೆಯಲ್ಲಿ ಮೇಲಂಚಿಗೂ ಕೆಳಗಿನ ಅಂಚಿಗೂ 42 ಮಿಲಿಮೀಟರ್ ಅಂತರವಿದೆ. ಕೆಳಗಿನ ಅಂಚಿನ ಎತ್ತರವನ್ನು ಮೇಲಂಚಿನದೆಂದು ತಿಳಿದು ಕಟ್ಟಿದ ತೋಳು ಕೊಳವೆಯನ್ನು ದಾಟಿ ಮೇಲೇರಲಾರದು. ಆದುದರಿಂದ ಅಂಕೆಯನ್ನು ಓದುವುದಕ್ಕೆ ಮುಂಚೆ ನಕ್ಷೆಯಲ್ಲಿ ಬಾಣದ ಎರಡು ತುದಿಗಳೂ ಯಾವ ಗೆರೆಯನ್ನು ಮುಟ್ಟಿವೆ ಎಂಬುದನ್ನು ನೋಡಬೇಕು.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಆ ಕೊಳವೆಯ ಹೆಸರು ‘ಒಂದೂಕಾಲು ಅಂಗುಲದ ಷೆಡ್ಯೂಲ್ 40 ಪೈಪು’. ಒಂದೂಕಾಲು ಅಂಗುಲವೆಂದರೆ 31.75 ಮಿಲಿಮೀಟರ್. ಇದನ್ನು ನಂಬಿ ಕೊಕ್ಕೆಯ ಬಾಯನ್ನು 33 ಮಿಲಿಮೀಟರ್ ಅಗಲ ಮಾಡಿದರೆ ಕೊಳವೆ ಅದರೊಳಗೆ ಹೋಗುವುದೇ ಇಲ್ಲ! ಏಕೆಂದರೆ ಅದರ ಹೊರವ್ಯಾಸ 42.2 ಮಿಲಿಮೀಟರ್, ಒಳವ್ಯಾಸವೂ ಸುಮಾರು 35 ಮಿಲಿಮೀಟರ್. ‘ಒಂದೂಕಾಲು ಅಂಗುಲ’ ಎಂಬುದು ಒಳಗಿನ ಅಳತೆಯೂ ಅಲ್ಲ, ಹೊರಗಿನ ಅಳತೆಯೂ ಅಲ್ಲ; ಅದು ಬರಿಯ ವ್ಯಾಪಾರದ ಹೆಸರು. ಹಿಂದೆ ಕೊಳವೆಗಳನ್ನು ಸ್ಥೂಲವಾಗಿ ಒಳವ್ಯಾಸದಿಂದ ಕರೆಯುತ್ತಿದ್ದರು. ಗೋಡೆಯ ದಪ್ಪ ಬದಲಾದರೂ ಒಂದೇ ಜೋಡಣೆ ಹೊಂದಬೇಕೆಂದು ಹೊರವ್ಯಾಸವನ್ನು ಸ್ಥಿರವಾಗಿ ಇರಿಸಲಾಯಿತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಮೂರನೆಯದು, ನಕ್ಷೆಗೂ ವಸ್ತುವಿಗೂ ಇರುವ ಅಂತರ. ಅಂಗಣವನ್ನು ಬಿಡಿಭಾಗಗಳಾಗಿ ಸಾಗಿಸಿ, ಒಂದೊಂದು ಊರಿನಲ್ಲಿಯೂ ಹೊಸದಾಗಿ ಜೋಡಿಸಿ, ನೆಲಕ್ಕೆ ಜಮಖಾನೆಯನ್ನು ಹಾಸುತ್ತಾರೆ. ಅಲ್ಪಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. 2025ರಲ್ಲಿ ಎರಡು ಬಗೆಯ ಅಂಗಣದ ಆವರಣಗಳು ಬಳಕೆಯಲ್ಲಿದ್ದುವು. ಅಂಗಣದಲ್ಲಿ ಅಂಟಿಸಿದ ಕಪ್ಪುಬಿಳಿ ಗುರುತಿನ ಚೌಕಗಳನ್ನು ಕ್ಯಾಮರಾದಿಂದ ನೋಡಿ ಯಂತ್ರವು ತಾನಿರುವ ಸ್ಥಳವನ್ನು ಲೆಕ್ಕಹಾಕುತ್ತದೆಯಷ್ಟೆ. ಆ ಎರಡು ಆವರಣಗಳಿಗೆ ಗುರುತುಗಳ ಎರಡು ಬೇರೆ ಬೇರೆ ನಕಾಶೆಗಳನ್ನೇ ಒದಗಿಸಬೇಕಾಯಿತು. ಇದನ್ನೆಲ್ಲ ಬಲ್ಲ ವ್ಯವಸ್ಥಾಪಕರು, ಪಂದ್ಯಗಳು ಆರಂಭವಾಗುವ ಮೊದಲು ತಂಡಗಳು ಅಂಗಣವನ್ನು ತಾವೇ ಅಳೆದುಕೊಳ್ಳಲು ಸಮಯ ಕೊಡುತ್ತಾರೆ.

ಹಾಗೆ ಅಳೆದಾಗ ಮೇಲಿನ ಕೊಳವೆಯ ಎತ್ತರ ಮೂರು ಕಡೆಗಳಲ್ಲಿ 230.6, 231.0, 231.5 ಸೆಂಟಿಮೀಟರ್ ಬಂದಿತೆನ್ನೋಣ. ಸರಾಸರಿ ಸುಮಾರು 231.0, ನಕ್ಷೆಯೊಡನೆ ಚೆನ್ನಾಗಿಯೇ ಹೊಂದುತ್ತದೆ. ಅದರಿಂದ ನೆಮ್ಮದಿಗೊಳ್ಳಬಹುದೆ? ಕೂಡದು. ಕೊಕ್ಕೆ ದಾಟಬೇಕಾದುದು ಸರಾಸರಿ ಕೊಳವೆಯನ್ನಲ್ಲ, ತನ್ನ ಮುಂದಿರುವ ಕೊಳವೆಯನ್ನು. ಅತಿ ಎತ್ತರದ 231.5ನ್ನು ದಾಟಿ ಮೇಲೆ ಒಂದಿಷ್ಟು ಮಿಗುವಂತೆ ತೋಳು ಏರಬೇಕು. ಅತಿ ತಗ್ಗಿನ 230.6ನ್ನೂ ಹಿಡಿಯುವಷ್ಟು ಕೊಕ್ಕೆ ಇಳಿಯಬೇಕು. ಈ 9 ಮಿಲಿಮೀಟರಿನ ಹರವೇ ಇಲ್ಲಿ ಮುಖ್ಯವಾದ ಮಾಹಿತಿ. ಸರಾಸರಿಯು ಅದನ್ನು ಮರೆಮಾಡುತ್ತದೆ.

ವಿದ್ಯಾರ್ಥಿಮಿತ್ರರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅರ್ಧ ಅಂಗುಲದ್ದೆನ್ನುವ ಕಬ್ಬಿಣದ ನೀರಿನ ಕೊಳವೆಯ ಸುತ್ತ ಒಂದು ದಾರವನ್ನು ಸುತ್ತಿ, ಬಿಚ್ಚಿ, ಅಳೆಯಿರಿ. ವ್ಯಾಸವು ನಿಜವಾಗಿಯೂ ಅರ್ಧ ಅಂಗುಲವಾಗಿದ್ದರೆ ದಾರದ ಉದ್ದ ಸುಮಾರು 40 ಮಿಲಿಮೀಟರ್ ಆಗಬೇಕು. ನಿಮಗೆ ದೊರೆಯುವುದು ಹೆಚ್ಚುಕಡಮೆ 67. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ 21.3 ಮಿಲಿಮೀಟರ್ ಎಂದು ತಿಳಿಯುತ್ತದೆ. ಮೂರು ಕಡೆ ಸುತ್ತಿ ನೋಡಿ, ಮೂರು ಉತ್ತರಗಳನ್ನೂ ಬರೆದಿಡಿ. ಅವುಗಳಲ್ಲಿ ಅತಿ ದೊಡ್ಡದು ಯಾವುದು, ಅತಿ ಚಿಕ್ಕದು ಯಾವುದು ಎಂಬುದನ್ನು ಗುರುತಿಸಿ. ಮುಂದೆ ನೀವು ಸೇತುವೆಯನ್ನೇ ಕಟ್ಟಿರಿ, ಯಂತ್ರವನ್ನೇ ಕಟ್ಟಿರಿ, ಈ ಅಭ್ಯಾಸ ನಿಮ್ಮ ಕೈಬಿಡದು.